ವೆಬ್ ನಕ್ಷೆ ಕೆಟ್ಟಾಗ ಮೊದಲು ತಪ್ಪನ್ನು ಅಳೆಯಿರಿ: ದೋಷ ನಿವಾರಣೆ ಕೈಪಿಡಿ

ಹೊಸನಗರ ತಾಲ್ಲೂಕಿನ ಕೆರೆಗಳನ್ನೋ ಸಾಗರ, ಸೊರಬದ ಕಾನುಗಳನ್ನೋ ಗುರುತಿಸಿ ಒಂದು ವೆಬ್ ನಕ್ಷೆ ಮಾಡಿದ್ದೀರಿ ಎಂದುಕೊಳ್ಳಿ. ಪುಟ ತೆರೆದರೆ ಏನೂ ಕಾಣುವುದಿಲ್ಲ. ಅಥವಾ ಅರ್ಧ ನಕ್ಷೆ ಬೂದು ಬಣ್ಣದಲ್ಲಿ ನಿಂತಿದೆ. ಅಥವಾ ಕೆರೆಗಳೆಲ್ಲ ಸಮುದ್ರಕ್ಕೆ ಹೋಗಿ ಬಿದ್ದಿವೆ. ಅಥವಾ ಊರಿನ ಹೆಸರುಗಳ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಂದು ಕೂತಿವೆ. ಇಂಥ ಹೊತ್ತಿನಲ್ಲಿ ಬಹಳ ಮಂದಿ ತಕ್ಷಣ ಕೋಡ್ ತಿದ್ದಲು ಕೂರುತ್ತಾರೆ. ಅದು ಬೇಡ. ನಕ್ಷೆ ಯಾವ ರೀತಿಯಲ್ಲಿ ತಪ್ಪಿದೆ ಎಂಬುದರಲ್ಲಿಯೇ ಕಾರಣದ ಸುಳಿವು ಇರುತ್ತದೆ. ಎಷ್ಟು ದೂರ ತಪ್ಪಿದೆ, ಯಾವ ದಿಕ್ಕಿಗೆ ತಪ್ಪಿದೆ, ಎಲ್ಲವೂ ತಪ್ಪಿವೆಯೋ ಕೆಲವು ಮಾತ್ರವೋ, ಇಷ್ಟನ್ನು ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಉದಾಹರಣೆಗಳಿಗೆ ಲೀಫ್‌ಲೆಟ್ (ಪುಟದಲ್ಲಿ ನಕ್ಷೆ ಕೂರಿಸುವ ಕೋಡ್ ಲೈಬ್ರರಿ), ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆ) ಮತ್ತು ಕ್ಯೂಜಿಐಎಸ್ (ನಕ್ಷೆಯ ದತ್ತಾಂಶ ತಿದ್ದುವ ತಂತ್ರಾಂಶ) ಹಿಡಿದುಕೊಂಡಿದ್ದೇನೆ. ಬೇರೆ ಸಾಧನ ಬಳಸುವವರಿಗೂ ತರ್ಕ ಇದೇ. ಒಂದು ಪರೀಕ್ಷಾ ಬಿಂದುವನ್ನು ಕೈಯಲ್ಲಿ ಇಟ್ಟುಕೊಳ್ಳಿ: ಶಿವಮೊಗ್ಗ ನಗರ, ಅಕ್ಷಾಂಶ 13.93, ರೇಖಾಂಶ 75.57. ಮುಂದಿನ ಲೆಕ್ಕಗಳೆಲ್ಲ ಈ ಬಿಂದುವಿನದೇ.

ಏನೂ ಕಾಣದಿದ್ದಾಗ

ಬ್ರೌಸರಿನಲ್ಲಿ ಎಫ್12 ಕೀಲಿ ಒತ್ತಿ ಡೆವಲಪರ್ ಸಾಧನಗಳನ್ನು ತೆರೆಯಿರಿ. ಕನ್ಸೋಲ್ ಮತ್ತು ನೆಟ್‌ವರ್ಕ್ ಎಂಬ ಎರಡು ಫಲಕಗಳು ಸಾಕು. ಕನ್ಸೋಲಿನಲ್ಲಿ ಕೆಂಪು ಸಾಲುಗಳಿದ್ದರೆ ಎಲ್ಲಕ್ಕಿಂತ ಮೇಲಿನದನ್ನು ಓದಿ. ಉಳಿದವು ಸಾಮಾನ್ಯವಾಗಿ ಅದರ ಸಂತತಿ.

ಕೆಂಪು ಸಾಲೇ ಇಲ್ಲ, ನಕ್ಷೆಯೂ ಇಲ್ಲ ಎಂದಾದರೆ ನಕ್ಷೆ ಕೂರಬೇಕಾದ ಪೆಟ್ಟಿಗೆಯ ಎತ್ತರ ನೋಡಿ. ಲೀಫ್‌ಲೆಟ್ ತನ್ನಷ್ಟಕ್ಕೆ ಎತ್ತರ ನಿಗದಿ ಮಾಡುವುದಿಲ್ಲ. ಪುಟದ ಅಂದ, ಅಳತೆ ಹೇಳುವ ಸಿಎಸ್‌ಎಸ್‌ನಲ್ಲಿ ಎತ್ತರ ಕೊಡದಿದ್ದರೆ ಪೆಟ್ಟಿಗೆ ಸೊನ್ನೆ ಪಿಕ್ಸೆಲ್ ಎತ್ತರದಲ್ಲಿ ಇರುತ್ತದೆ, ಅದರೊಳಗೆ ನಕ್ಷೆ ಇದ್ದೂ ಇಲ್ಲದಂತೆ. ಶೇಕಡಾ ನೂರು ಎಂದು ಬರೆದಿದ್ದರೂ ಅದರ ಹೊರಗಿನ ಪೆಟ್ಟಿಗೆಗೆ ಎತ್ತರ ಇಲ್ಲದಿದ್ದರೆ ಸೊನ್ನೆಯ ನೂರು ಪಾಲು ಸೊನ್ನೆಯೇ. ಹಿನ್ನೆಲೆ ನಕ್ಷೆಯನ್ನು ತುಂಡು ಮಾಡಿದ ಟೈಲ್ ಎಂಬ ಚಿತ್ರ ಚೌಕಗಳು ಬಂದು ಪುಟದ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಲೀಫ್‌ಲೆಟ್‌ನ ಸ್ವಂತ ಸಿಎಸ್‌ಎಸ್ ಕಡತ ಪುಟಕ್ಕೆ ಸೇರಿಲ್ಲ ಎಂದು ಅರ್ಥ.

ಹಿನ್ನೆಲೆ ನಕ್ಷೆ ಬಂದು ನಿಮ್ಮ ಕೆರೆಗಳು ಮಾತ್ರ ಬರದಿದ್ದರೆ ಬ್ರೌಸರಿನ ಮೇಲ್ತುದಿಯ ವಿಳಾಸ ಪಟ್ಟಿ ನೋಡಿ. ಅದು ಫೈಲ್ ಎಂದು ಶುರುವಾಗುತ್ತಿದೆಯೇ? ಹಾಗಿದ್ದರೆ ಪುಟವನ್ನು ಫೋಲ್ಡರಿನಿಂದ ನೇರವಾಗಿ ತೆರೆದಿದ್ದೀರಿ, ಸುರಕ್ಷತೆಯ ಕಾರಣಕ್ಕೆ ಬ್ರೌಸರ್ ಪಕ್ಕದ ಜಿಯೋಜೇಸನ್ ಕಡತವನ್ನು (ಕೆರೆಗಳ ನಿರ್ದೇಶಾಂಕ ಇರುವುದು ಇದರಲ್ಲಿ) ಓದಲು ಬಿಡುತ್ತಿಲ್ಲ. ಪೈಥಾನ್ ಜೊತೆಗೆ ಬರುವ ಪುಟ್ಟ ಎಚ್‌ಟಿಟಿಪಿ ಸರ್ವರನ್ನು ಅದೇ ಫೋಲ್ಡರಿನಲ್ಲಿ ಚಾಲೂ ಮಾಡಿ ಲೋಕಲ್‌ಹೋಸ್ಟ್ ಎಂಬ ವಿಳಾಸದ (ಅಂದರೆ ನಿಮ್ಮದೇ ಕಂಪ್ಯೂಟರ್) ಮೂಲಕ ತೆರೆಯಿರಿ.

ಟೈಲ್‌ಗಳು ಬರದಿದ್ದಾಗ

ನೆಟ್‌ವರ್ಕ್ ಫಲಕದಲ್ಲಿ ಒಂದೊಂದು ಟೈಲಿಗೂ ಒಂದೊಂದು ಸಾಲು ಇರುತ್ತದೆ, ಪಕ್ಕದಲ್ಲಿ ಒಂದು ಸಂಖ್ಯೆ. 200 ಎಂದರೆ ಬಂದಿದೆ. 404 ಎಂದರೆ ಆ ವಿಳಾಸದಲ್ಲಿ ಅಂಥ ಚಿತ್ರ ಇಲ್ಲ. 403 ಎಂದರೆ ಇದೆ, ಆದರೆ ನಿಮಗೆ ಕೊಡುವುದಿಲ್ಲ. 429 ಎಂದರೆ ಅತಿಯಾಗಿ ಕೇಳುತ್ತಿದ್ದೀರಿ. ಯಾವ ಸಂಖ್ಯೆಯೂ ಇಲ್ಲದೆ ಸಾಲು ಕಾಯುತ್ತಲೇ ಇದ್ದರೆ ದೋಷ ಬಹುಮಟ್ಟಿಗೆ ನಿಮ್ಮ ಸಂಪರ್ಕದ್ದು. ಆಷಾಢದ ಗಾಳಿಗೆ ಮರ ಬಿದ್ದು ಕೇಬಲ್ ಹರಿದ ದಿನ ಲೀಫ್‌ಲೆಟ್‌ನ ಆವೃತ್ತಿ ಬದಲಿಸುತ್ತಾ ಕೂತರೆ ಫಲವಿಲ್ಲ.

403 ಬಂದರೆ ಟೈಲ್ ಕೊಡುವವರ ನಿಯಮ ಓದಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಾರ್ವಜನಿಕ ಟೈಲ್ ಸರ್ವರ್ ದೇಣಿಗೆಯಿಂದ ನಡೆಯುವಂಥದ್ದು. ಕೋರಿಕೆ ಯಾವ ಪುಟದಿಂದ ಬಂತು ಎಂಬ ರೆಫರರ್ ಮಾಹಿತಿ ಅದಕ್ಕೆ ಬೇಕು, ರಾಶಿ ರಾಶಿಯಾಗಿ ಇಳಿಸಿಕೊಳ್ಳುವುದಕ್ಕೆ ಅಲ್ಲಿ ಅನುಮತಿ ಇಲ್ಲ. ಕೊಡಚಾದ್ರಿ ಚಾರಣಕ್ಕೆ ಮುಂಚೆ ಇಡೀ ಪಶ್ಚಿಮ ಘಟ್ಟದ ಟೈಲ್‌ಗಳನ್ನು ಸ್ಕ್ರಿಪ್ಟ್ ಬರೆದು ಎಳೆದುಕೊಳ್ಳುವ ಉಪಾಯ ಬಾಗಿಲು ಹಾಕಿಸಿಕೊಳ್ಳುವ ಉಪಾಯವೂ ಹೌದು. ಆಫ್‌ಲೈನ್ ಬಳಕೆಗೆ ಮೂಲ ದತ್ತಾಂಶವನ್ನೇ ಇಳಿಸಿಕೊಡುವ ಆ್ಯಪ್‌ಗಳಿವೆ, ಅವನ್ನು ಬಳಸಿ. ಗೂಗಲ್ ನಕ್ಷೆ ಮಬ್ಬಾಗಿ, ಅಭಿವೃದ್ಧಿಯ ಉದ್ದೇಶಕ್ಕೆ ಮಾತ್ರ ಎಂಬ ಇಂಗ್ಲಿಷ್ ಬರಹವನ್ನು ಮೈತುಂಬ ಹೊದ್ದುಕೊಂಡು ಬಂದರೆ ಅದು ಎಪಿಐ ಕೀಲಿಯದೋ (ಸೇವೆ ಬಳಸಲು ಗೂಗಲ್ ಕೊಡುವ ಗುರುತಿನ ಸಂಕೇತ) ಬಿಲ್ಲಿಂಗ್ ಖಾತೆಯದೋ ಸಮಸ್ಯೆ. 2018ರಿಂದ ಅಲ್ಲಿ ಎರಡೂ ಕಡ್ಡಾಯ.

ಪುಟ ಎಚ್‌ಟಿಟಿಪಿಎಸ್‌ನಲ್ಲಿದ್ದು ಟೈಲ್ ವಿಳಾಸ ಬರೀ ಎಚ್‌ಟಿಟಿಪಿ ಆಗಿದ್ದರೆ ಬ್ರೌಸರ್ ಅದನ್ನು ತಡೆಯಬಹುದು. ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿದ್ದು ಜಾಲತಾಣಕ್ಕೆ ಏರಿಸಿದ ಕೂಡಲೇ ಕೆಟ್ಟ ನಕ್ಷೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಟೈಲ್‌ಗಳು 200 ಎಂದೇ ಬರುತ್ತಿವೆ, ಆದರೆ ಶಿವಮೊಗ್ಗ ಇರಬೇಕಾದಲ್ಲಿ ಬರೀ ನೀಲಿ ಚೌಕ. ಇದು ಸ್ವಾರಸ್ಯದ ದೋಷ. ಟೈಲಿನ ವಿಳಾಸದಲ್ಲಿ ಜೂಮ್ ಮಟ್ಟ, ಅಡ್ಡ ಸಂಖ್ಯೆ, ಉದ್ದ ಸಂಖ್ಯೆ ಎಂಬ ಮೂರು ಅಂಕಿಗಳಿರುತ್ತವೆ. ನಮ್ಮ ಪರೀಕ್ಷಾ ಬಿಂದು ಜೂಮ್ 12ರಲ್ಲಿ 2907, 1887 ಎಂಬ ಟೈಲಿನೊಳಗೆ ಬರುತ್ತದೆ. ಉದ್ದ ಸಂಖ್ಯೆಯನ್ನು ಬಹಳಷ್ಟು ಸರ್ವರ್‌ಗಳು ಉತ್ತರದಿಂದ ಎಣಿಸುತ್ತವೆ. ಟಿಎಂಎಸ್ ಎಂಬ ಇನ್ನೊಂದು ಟೈಲ್ ಪದ್ಧತಿಯವು ದಕ್ಷಿಣದಿಂದ. ಟಿಎಂಎಸ್ ಲೆಕ್ಕದಲ್ಲಿ ಅದೇ ಟೈಲ್ 2208 ಆಗುತ್ತದೆ. ಎರಡನ್ನು ಅದಲುಬದಲು ಮಾಡಿದರೆ ಭೂಮಧ್ಯರೇಖೆಯ ಆಚೆ ಅಷ್ಟೇ ದೂರದಲ್ಲಿರುವ ಟೈಲ್ ಬರುತ್ತದೆ, ಅಲ್ಲಿರುವುದು ಹಿಂದೂ ಮಹಾಸಾಗರ. ನೆಟ್‌ವರ್ಕ್ ಫಲಕದಲ್ಲಿ 2208 ಕಂಡು ಸರ್ವರ್ ಟಿಎಂಎಸ್ ಅಲ್ಲದಿದ್ದರೆ ಲೀಫ್‌ಲೆಟ್‌ನ ಟಿಎಂಎಸ್ ಆಯ್ಕೆಯನ್ನು ತೆಗೆಯಿರಿ. 1887 ಕಂಡು ಸರ್ವರ್ ಟಿಎಂಎಸ್ ಆಗಿದ್ದರೆ ಅದನ್ನು ಸೇರಿಸಿ.

ಅರ್ಧ ನಕ್ಷೆ, ಅರ್ಧ ಬೂದು

ಮೂಲೆಯಲ್ಲಿ ಕೆಲವು ಚೌಕ ಬಂದು ಉಳಿದದ್ದು ಬೂದುಬಣ್ಣದಲ್ಲಿ ಇದ್ದು, ಬ್ರೌಸರ್ ಕಿಟಕಿಯನ್ನು ಸ್ವಲ್ಪ ಎಳೆದು ಸಣ್ಣದು ಮಾಡಿದ ಕೂಡಲೇ ಎಲ್ಲವೂ ತುಂಬಿಕೊಂಡರೆ ರೋಗನಿರ್ಣಯ ಮುಗಿದಂತೆ. ನಕ್ಷೆ ಹುಟ್ಟುವಾಗ ಅದರ ಪೆಟ್ಟಿಗೆ ಮುಚ್ಚಿದ ಟ್ಯಾಬಿನಲ್ಲೋ ಮಡಚಿದ ಫಲಕದಲ್ಲೋ ಇತ್ತು, ಲೀಫ್‌ಲೆಟ್ ಆಗಿನ ಅಳತೆಯನ್ನೇ ನಂಬಿಕೊಂಡಿದೆ. ಟ್ಯಾಬ್ ತೆರೆದ ಮೇಲೆ ಇನ್‌ವ್ಯಾಲಿಡೇಟ್‌ಸೈಜ್ ಆದೇಶ ಕೊಡಿ. ತೆರೆಯುವ ಅನಿಮೇಷನ್ ಮುಗಿಯುವುದಕ್ಕೆ ಮೊದಲೇ ಕೊಟ್ಟರೆ ಪ್ರಯೋಜನವಿಲ್ಲ.

ಬಿಂದುಗಳು ತಪ್ಪಾದ ಜಾಗದಲ್ಲಿ

ನಿಜವಾದ ಪತ್ತೇದಾರಿಕೆ ಇರುವುದು ಇಲ್ಲಿ. ತಪ್ಪಿದ ಬಿಂದು ಎಲ್ಲಿಗೆ ಹೋಗಿದೆ ಎಂದು ನೋಡಲು ನಕ್ಷೆಯನ್ನು ಪೂರ್ತಿ ಹಿಂದಕ್ಕೆ ಜೂಮ್ ಮಾಡಿ, ಇಡೀ ಭೂಮಿ ಕಾಣಲಿ.

ಬಿಂದು ನಾರ್ವೆಗೂ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣದ ಹಿಮದ ಸಮುದ್ರದಲ್ಲಿ ಇದ್ದರೆ ಅಕ್ಷಾಂಶ ರೇಖಾಂಶಗಳು ಅದಲುಬದಲಾಗಿವೆ. 75.57 ಉತ್ತರ, 13.93 ಪೂರ್ವ ಎಂದರೆ ಅಲ್ಲಿಯೇ. ಲೀಫ್‌ಲೆಟ್ ಆದೇಶಗಳು ಅಕ್ಷಾಂಶವನ್ನು ಮೊದಲು ಕೇಳುತ್ತವೆ. ಜಿಯೋಜೇಸನ್ ಕಡತ ರೇಖಾಂಶವನ್ನು ಮೊದಲು ಬರೆಯುತ್ತದೆ, 2016ರ ಮಾನದಂಡ ಹಾಗೆಂದೇ ಹೇಳುತ್ತದೆ. ಒಂದೇ ಪುಟದಲ್ಲಿ ಎರಡೂ ಇರುವುದರಿಂದ ಗೊಂದಲ ತಪ್ಪಿದ್ದಲ್ಲ. ಕೇಳಿದ ಜಾಗದ ನಕ್ಷೆಯನ್ನು ಚಿತ್ರವಾಗಿ ಕೊಡುವ ಡಬ್ಲ್ಯುಎಂಎಸ್ ಸೇವೆಗಳಲ್ಲಿ ಇನ್ನೊಂದು ತಕರಾರು: 1.1.1 ಆವೃತ್ತಿಯಲ್ಲಿ ರೇಖಾಂಶ ಮೊದಲು, 1.3.0 ಆವೃತ್ತಿಯಲ್ಲಿ ಇಪಿಎಸ್‌ಜಿ 4326 (ಡಿಗ್ರಿ ಲೆಕ್ಕದ ನಿರ್ದೇಶಾಂಕ ವ್ಯವಸ್ಥೆಯ ಸಂಕೇತ ಸಂಖ್ಯೆ) ಬಳಸಿದರೆ ಅಕ್ಷಾಂಶ ಮೊದಲು. ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ಶಿವಮೊಗ್ಗ ಜಿಲ್ಲೆಯಲ್ಲಿ ಅಕ್ಷಾಂಶ 13 ಅಥವಾ 14ರಿಂದಲೂ ರೇಖಾಂಶ ಬಹುಪಾಲು 74 ಅಥವಾ 75ರಿಂದಲೂ ಶುರುವಾಗುತ್ತದೆ. ಯಾವುದು ಯಾವುದೆಂದು ಬರಿಗಣ್ಣಿಗೇ ತಿಳಿಯುತ್ತದೆ.

ಬಿಂದುಗಳು ಒಂದೇ ಚುಕ್ಕೆಯಾಗಿ ಆಫ್ರಿಕಾದ ಪಶ್ಚಿಮದ ಗಿನಿ ಕೊಲ್ಲಿಯಲ್ಲಿ ಕೂಡಿದ್ದರೆ ಅದು ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶದ ಜಾಗ. ಇಲ್ಲಿಗೆ ಬರಲು ಎರಡು ದಾರಿ. ಒಂದು, ಕೋಷ್ಟಕದ ಖಾಲಿ ಕೋಶಗಳನ್ನು ತಂತ್ರಾಂಶ ಸೊನ್ನೆ ಎಂದು ಓದಿದೆ. ಆಗ ಕೆಲವು ಬಿಂದುಗಳು ಮಾತ್ರ ಅಲ್ಲಿರುತ್ತವೆ. ಇನ್ನೊಂದು, ಡಿಗ್ರಿಯಲ್ಲಿರುವ ದತ್ತಾಂಶವನ್ನು ಮೀಟರ್ ಲೆಕ್ಕದ ಇಪಿಎಸ್‌ಜಿ 3857 ಎಂದು ಘೋಷಿಸಿದ್ದೀರಿ. ಆಗ ಇಡೀ ಜಿಲ್ಲೆ ಸೊನ್ನೆ ಬಿಂದುವಿನಿಂದ ಎಪ್ಪತ್ತೈದು ಮೀಟರ್ ಆಸುಪಾಸಿನಲ್ಲಿ ಮುದುಡಿಕೊಂಡಿರುತ್ತದೆ. ಅದೇ ಡಿಗ್ರಿಗಳನ್ನು ಯುಟಿಎಂ (ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ವ್ಯವಸ್ಥೆ) 43 ಉತ್ತರ ವಲಯದ ಮೀಟರ್‌ಗಳೆಂದು ಘೋಷಿಸಿದರೆ ಬಿಂದುಗಳು ಮಾಲ್ಡೀವ್ಸ್‌ನ ಪಶ್ಚಿಮಕ್ಕೆ ಭೂಮಧ್ಯರೇಖೆಯ ಮೇಲೆ ಹೋಗಿ ಕೂರುತ್ತವೆ. ಬಿಂದು ಬಿದ್ದ ಸಮುದ್ರ ಯಾವುದೆಂದು ನೋಡಿದರೆ ತಪ್ಪು ಘೋಷಣೆ ಯಾವುದೆಂದು ಗೊತ್ತಾಗುತ್ತದೆ.

ಶಿವಮೊಗ್ಗ ಇರುವುದು ಯುಟಿಎಂ 43ನೇ ವಲಯದಲ್ಲಿ, ಅದರ ಸಂಕೇತ ಇಪಿಎಸ್‌ಜಿ 32643. ಆ ಲೆಕ್ಕದಲ್ಲಿ ನಗರದ ಪೂರ್ವಾಂಕ ಸುಮಾರು 5,61,000 ಮೀಟರ್, ಉತ್ತರಾಂಕ ಸುಮಾರು 15,40,000 ಮೀಟರ್. ಕೋಷ್ಟಕದಲ್ಲಿ ಇಂಥ ಆರೇಳು ಅಂಕಿಯ ಸಂಖ್ಯೆಗಳಿದ್ದರೆ ಅವನ್ನು ನೇರವಾಗಿ ಲೀಫ್‌ಲೆಟ್‌ಗೆ ಕೊಡಬೇಡಿ. ಅದು ಡಿಗ್ರಿ ಎಂದುಕೊಳ್ಳುತ್ತದೆ, ಬಿಂದುಗಳು ಕಾಣದೆ ಹೋಗುತ್ತವೆ. ಕ್ಯೂಜಿಐಎಸ್‌ನಲ್ಲಿ ಪದರಕ್ಕೆ ಸರಿಯಾದ ನಿರ್ದೇಶಾಂಕ ವ್ಯವಸ್ಥೆ ಹೇಳಿ, ಆಮೇಲೆ 4326ಕ್ಕೆ ಪರಿವರ್ತಿಸಿ ರಫ್ತು ಮಾಡಿ. ಈ ಎರಡು ಹೆಜ್ಜೆಗಳನ್ನು ಒಂದೆಂದು ತಿಳಿಯುವುದರಿಂದಲೇ ಹೆಚ್ಚಿನ ಅನಾಹುತ. ಪದರದ ವ್ಯವಸ್ಥೆಯನ್ನು ನಿಗದಿ ಮಾಡುವ ಆಯ್ಕೆ ಸಂಖ್ಯೆಗಳನ್ನು ಬದಲಿಸುವುದಿಲ್ಲ, ಅವುಗಳ ಮೇಲಿನ ಹಣೆಪಟ್ಟಿಯನ್ನಷ್ಟೇ ಬದಲಿಸುತ್ತದೆ. ಸಂಖ್ಯೆ ಬದಲಾಗುವುದು ಪರಿವರ್ತಿಸಿ ಉಳಿಸಿದಾಗ ಮಾತ್ರ.

ಈಗ ಸಣ್ಣ ತಪ್ಪುಗಳು. ಇವು ಸಮುದ್ರಕ್ಕೆ ಹೋಗುವುದಿಲ್ಲ, ಆದ್ದರಿಂದ ಹೆಚ್ಚು ಅಪಾಯಕಾರಿ.

ಶಿವಮೊಗ್ಗ ಕೊಪ್ಪದ ಪಕ್ಕಕ್ಕೆ ಹೋಗಿದೆ ಎನ್ನಿ. ಶಿವಮೊಗ್ಗದ ನಿರ್ದೇಶಾಂಕ ಡಿಗ್ರಿ ಮತ್ತು ಮಿನಿಟಿನಲ್ಲಿ 13 ಡಿಗ್ರಿ 56 ಮಿನಿಟು, 75 ಡಿಗ್ರಿ 34 ಮಿನಿಟು. ಇದನ್ನು ಯಾರೋ 13.56, 75.34 ಎಂದು ಟೈಪ್ ಮಾಡಿದ್ದಾರೆ. ಮಿನಿಟನ್ನು ಅರವತ್ತರಿಂದ ಭಾಗಿಸಬೇಕಿತ್ತು. ಬಿಂದು ದಕ್ಷಿಣಕ್ಕೆ ಸುಮಾರು ನಲವತ್ತೊಂದು ಕಿಲೋಮೀಟರ್, ಪಶ್ಚಿಮಕ್ಕೆ ಇಪ್ಪತ್ತನಾಲ್ಕು ಕಿಲೋಮೀಟರ್ ಸರಿದು ಚಿಕ್ಕಮಗಳೂರು ಜಿಲ್ಲೆ ಸೇರಿತು. ಈ ತಪ್ಪನ್ನು ಹಿಡಿಯುವುದು ಸುಲಭ: ನಮ್ಮ ದೇಶದಲ್ಲಿ ಇದು ಬಿಂದುವನ್ನು ಯಾವಾಗಲೂ ನೈಋತ್ಯದ ಕಡೆಗೇ ತಳ್ಳುತ್ತದೆ, ಎಂದಿಗೂ ಈಶಾನ್ಯಕ್ಕಲ್ಲ. ಇನ್ನೊಂದು ಗುರುತು, ಇಡೀ ಕಂಬಸಾಲಿನಲ್ಲಿ ದಶಾಂಶದ ನಂತರದ ಎರಡಂಕಿ 60ನ್ನು ಎಲ್ಲಿಯೂ ಮುಟ್ಟುವುದಿಲ್ಲ. ನೂರು ಕೆರೆಗಳ ಪಟ್ಟಿಯಲ್ಲಿ .71, .88 ಒಂದೂ ಇಲ್ಲವೆಂದರೆ ಅದು ಕಾಕತಾಳೀಯವಲ್ಲ.

ಬಿಂದುಗಳು ಗದ್ದೆಯ ನಾಟಿಯಂತೆ ಸಾಲುಸಾಲಾಗಿ ಚೌಕಳಿಯಲ್ಲಿ ನಿಂತಿದ್ದರೆ ದಶಾಂಶಗಳು ಕತ್ತರಿಸಿಹೋಗಿವೆ. ಎರಡು ದಶಾಂಶ ಸ್ಥಾನಕ್ಕೆ ಸುಮಾರು ಒಂದು ಕಿಲೋಮೀಟರ್ ನಿಖರತೆ, ನಾಲ್ಕಕ್ಕೆ ಹನ್ನೊಂದು ಮೀಟರ್, ಐದಕ್ಕೆ ಒಂದು ಮೀಟರ್. ತೋಟದ ಬಾವಿ ಗುರುತಿಸಲು ಐದು ಸಾಕು. ಮೊಬೈಲ್ ಕೊಡುವ ಹದಿನಾಲ್ಕು ದಶಾಂಶಗಳಿಂದ ಕಡತ ದಪ್ಪವಾಗುತ್ತದೆ, ನಿಖರತೆ ಹೆಚ್ಚುವುದಿಲ್ಲ.

ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ, ಒಂದೇ ದೂರ, ನೂರರಿಂದ ಇನ್ನೂರು ಮೀಟರಿನಷ್ಟು ಸರಿದಿದ್ದರೆ ಡೇಟಮ್ (ಭೂಮಿಯ ಆಕಾರ ಇಂಥದ್ದೆಂದು ಹಿಡಿದ ಲೆಕ್ಕದ ಬುನಾದಿ) ವ್ಯತ್ಯಾಸವನ್ನು ಅನುಮಾನಿಸಿ. ಸರ್ವೆ ಆಫ್ ಇಂಡಿಯಾದ ಹಳೆಯ ಭೂನಕ್ಷೆಗಳು ಎವರೆಸ್ಟ್ ಗೋಲಕದ ಲೆಕ್ಕದವು, ಮೊಬೈಲ್ ಜಿಪಿಎಸ್ ಡಬ್ಲ್ಯುಜಿಎಸ್ 84ರದು. ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿ ಅದರ ಅಂಚಿನ ಡಿಗ್ರಿಗಳನ್ನು ಹಾಗೆಯೇ 4326 ಎಂದು ನಮೂದಿಸಿದರೆ ಹಳ್ಳದ ಈಚೆಗಿನ ದೇವಸ್ಥಾನ ಆಚೆ ದಡಕ್ಕೆ ಹೋಗುತ್ತದೆ. ಕೈಯಿಂದ ಎಳೆದು ಕೂರಿಸುವ ಆಸೆ ಬರುತ್ತದೆ, ಅದನ್ನು ತಡೆದುಕೊಂಡು ಸರಿಯಾದ ವ್ಯವಸ್ಥೆಯನ್ನು ಆರಿಸಿ ಪರಿವರ್ತಿಸಿ.

ಕನ್ನಡದ ಹೆಸರು ಕೆಟ್ಟಾಗ

ಇಂಗ್ಲಿಷ್ ಕೈಪಿಡಿಗಳಲ್ಲಿ ಈ ಅಧ್ಯಾಯ ಇರುವುದಿಲ್ಲ, ನಮಗೆ ಬೇಕಾಗುವುದು ಇದೇ. ಹೆಸರು ಕೆಟ್ಟಿದೆ ಎಂದು ಒಟ್ಟಾಗಿ ಹೇಳಿದರೆ ಸಾಲದು, ಹೇಗೆ ಕೆಟ್ಟಿದೆ ನೋಡಿ.

ಖಾಲಿ ಚೌಕಗಳು ಕಂಡರೆ ಅಕ್ಷರಗಳು ಸರಿಯಾಗಿವೆ, ಫಾಂಟ್ ಇಲ್ಲ. ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಸೇರಿಸಿ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಅಕ್ಷರಗಳು ಉಳಿಸುವಾಗಲೇ ಸತ್ತಿವೆ. ಆ ಕಡತದಿಂದ ಅವನ್ನು ಬದುಕಿಸಲಾಗದು, ಮೂಲ ಕಡತಕ್ಕೆ ಹೋಗಿ. ತಲೆಯ ಮೇಲೆ ಗೆರೆಯಿರುವ ಸಣ್ಣ ರೋಮನ್ ಅಕ್ಷರವೊಂದು ಪದೇ ಪದೇ ಬಂದು, ಅದರ ಪಕ್ಕ ಪುಟಾಣಿ 2 ಅಥವಾ 3 ಮೇಲಕ್ಕೆ ಹತ್ತಿ ಕೂತಿದ್ದರೆ ಹೆದರಬೇಡಿ. ಅದು ಯುಟಿಎಫ್ 8 ಎಂಬ ಅಕ್ಷರ ಸಂಕೇತದಲ್ಲಿರುವ ಒಳ್ಳೆಯ ಕನ್ನಡವೇ, ಓದುವ ತಂತ್ರಾಂಶ ಬೇರೆ ಸಂಕೇತ ಎಂದುಕೊಂಡಿದೆ. ಕ್ಯೂಜಿಐಎಸ್‌ನಲ್ಲಿ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಕೋಷ್ಟಕದ ಕಡತ) ಸೇರಿಸುವಾಗ ಯುಟಿಎಫ್ 8 ಆರಿಸಿದರೆ ಸರಿಹೋಗುತ್ತದೆ. ಎಕ್ಸೆಲ್‌ನಿಂದ ಉಳಿಸುವಾಗಲೂ ಸಾದಾ ಸಿಎಸ್‌ವಿ ಬಿಟ್ಟು ಯುಟಿಎಫ್ 8 ಎಂದು ಬರೆದಿರುವ ಸಿಎಸ್‌ವಿಯನ್ನೇ ಆರಿಸಿ. ಹಲವು ಕಡತಗಳ ಗುಂಪಾದ ಶೇಪ್‌ಫೈಲ್ ಆಗಿದ್ದರೆ ಜೊತೆಯಲ್ಲಿ ಸಿಪಿಜಿ ಕಡತ ಇದೆಯೇ ನೋಡಿ; ಅಕ್ಷರ ಸಂಕೇತ ಯಾವುದೆಂದು ಹೇಳುವುದು ಅದೇ, ಜಿಪ್ ಮಾಡಿ ಕಳಿಸುವಾಗ ಬಿಟ್ಟುಹೋಗುವುದೂ ಅದೇ.

ಇನ್ನು, ರೋಮನ್ ಅಕ್ಷರ, ಗೆರೆ, ಚುಕ್ಕೆಗಳ ಒಂದು ಕಲಸುಮೇಲೋಗರ, ಅದರಲ್ಲಿ ಆ ಪುಟಾಣಿ ಅಂಕಿಗಳ ಏಕತಾನತೆ ಇಲ್ಲ. ಇದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ. ಆ ಫಾಂಟ್ ಹಾಕಿದ ಕಂಪ್ಯೂಟರಿನಲ್ಲಿ ಕನ್ನಡದಂತೆ ಕಾಣುತ್ತದೆ, ಒಳಗೆ ಕನ್ನಡ ಇಲ್ಲ. ಸಂಕೇತ ಬದಲಿಸಿ ಎಷ್ಟು ಸಲ ತೆರೆದರೂ ಸರಿಯಾಗುವುದಿಲ್ಲ. ಇಂಥ ಹಳೆಯ ಫಾಂಟ್ ಬರಹವನ್ನು (ಆಸ್ಕಿ ಎನ್ನುತ್ತಾರೆ) ಯೂನಿಕೋಡಿಗೆ ಪರಿವರ್ತಿಸುವ ಸಾಧನದ ಮೂಲಕವೇ ಹಾಯಿಸಬೇಕು. ಹೆಸರಿನ ಕಂಬಸಾಲನ್ನು ಮಾತ್ರ ಹಾಯಿಸಿ. ಇಡೀ ಕಡತ ಕೊಟ್ಟರೆ ಇಂಗ್ಲಿಷ್ ಶೀರ್ಷಿಕೆಗಳೂ ಅರ್ಥವಿಲ್ಲದ ಕನ್ನಡವಾಗಿ ಬರುತ್ತವೆ.

ಒತ್ತಕ್ಷರಗಳು ಕಳಚಿದ್ದರೆ, ಅಂದರೆ ಶಿವಮೊಗ್‌ಗ, ತೀರ್‌ಥಹಳ್‌ಳಿ ಎಂದು ಕಂಡರೆ, ದತ್ತಾಂಶದಲ್ಲಿ ದೋಷವಿಲ್ಲ. ನಕ್ಷೆಯನ್ನು ಬ್ರೌಸರಿನಲ್ಲಿಯೇ ಬಿಡಿಸುವ ಮ್ಯಾಪ್‌ಲಿಬ್ರೆಯಂಥ ವೆಕ್ಟರ್ ನಕ್ಷೆ ಲೈಬ್ರರಿಗಳ ಹಲವು ಆವೃತ್ತಿಗಳು ಅಕ್ಷರಗಳನ್ನು ಒಂದೊಂದಾಗಿ ಚಿತ್ರವಾಗಿ ತಂದು ಸಾಲಾಗಿ ಜೋಡಿಸುತ್ತವೆ. ಅಕ್ಷರಗಳು ಒಂದರ ಕೆಳಗೊಂದು ಬರುವ, ಅರ್ಕಾವತ್ತು ಮುಂದಕ್ಕೆ ಸರಿಯುವ ನಮ್ಮ ಲಿಪಿಗೆ ಆ ಜೋಡಣೆ ಒಗ್ಗುವುದಿಲ್ಲ. ಪರೀಕ್ಷೆ ಸರಳ: ಅದೇ ಹೆಸರನ್ನು ಪಾಪ್‌ಅಪ್ ಪೆಟ್ಟಿಗೆಯಲ್ಲಿ ತೋರಿಸಿ. ಅದು ಸಾಮಾನ್ಯ ಎಚ್‌ಟಿಎಂಎಲ್, ಬ್ರೌಸರೇ ಅಕ್ಷರ ಜೋಡಿಸುತ್ತದೆ. ಪಾಪ್‌ಅಪ್‌ನಲ್ಲಿ ಸರಿ, ನಕ್ಷೆಯ ಮೇಲೆ ತಪ್ಪು ಎಂದಾದರೆ ದೋಷ ಲೈಬ್ರರಿಯದು. ಆಗ ಹೆಸರುಗಳನ್ನು ಎಚ್‌ಟಿಎಂಎಲ್ ಮಾರ್ಕರ್‌ಗಳಾಗಿ ಇಡಬಹುದು, ಅಥವಾ ಬ್ರೌಸರಿನ ಕ್ಯಾನ್ವಾಸಿನಲ್ಲಿ ಹೆಸರು ಬರೆಸಿ ಆ ಚಿತ್ರವನ್ನೇ ಐಕಾನಾಗಿ ಸೇರಿಸಬಹುದು. ಹೆಸರುಗಳು ಬರುವುದೇ ಇಲ್ಲವಾದರೆ ನೆಟ್‌ವರ್ಕ್ ಫಲಕದಲ್ಲಿ 3072-3327 ಎಂಬ ಪಿಬಿಎಫ್ ಕಡತ ಹುಡುಕಿ. ಕನ್ನಡ ಮತ್ತು ತೆಲುಗು ಅಕ್ಷರಗಳಿರುವ ಗಂಟು ಅದೇ. ಅದಕ್ಕೆ 404 ಬಂದಿದ್ದರೆ ಸರ್ವರಿನಲ್ಲಿ ಕನ್ನಡವೇ ಇಲ್ಲ.

ಪರೀಕ್ಷೆಗೆ ಸಾಗರ, ಆಗುಂಬೆಗಳನ್ನು ಆರಿಸಬೇಡಿ. ಆ ಹೆಸರುಗಳಲ್ಲಿ ಒತ್ತಕ್ಷರವೇ ಇಲ್ಲ, ಕೆಟ್ಟರೂ ಕಣ್ಣಿಗೆ ಹೊಡೆಯುವುದಿಲ್ಲ. ತೀರ್ಥಹಳ್ಳಿಯಲ್ಲಿ ಅರ್ಕಾವತ್ತೂ ಇದೆ, ಒತ್ತೂ ಇದೆ. ಅದು ಸರಿಬಂದರೆ ಉಳಿದವು ಬಹುಮಟ್ಟಿಗೆ ಸರಿಬಂದಂತೆ.

ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಹೆಸರುಗಳು ಹೊಂದದಿರುವ ಸಮಸ್ಯೆಯೂ ಉಂಟು. ತಾಲ್ಲೂಕಿನ ಗಡಿ ಒಂದು ಕಡತದಲ್ಲಿ, ಮಳೆಯ ಅಂಕಿ ಇನ್ನೊಂದರಲ್ಲಿ. ಹೆಸರಿನ ಮೇಲೆ ಜೋಡಿಸಿದರೆ ಒಂದು ತಾಲ್ಲೂಕು ಮಾತ್ರ ಬಣ್ಣವಿಲ್ಲದೆ ಉಳಿಯುತ್ತದೆ. ಕೊನೆಯಲ್ಲಿ ಒಂದು ಖಾಲಿ ಜಾಗವೋ ನಡುವೆ ಕಾಣದ ಜೋಡಕ ಚಿಹ್ನೆಯೋ ಇರಬಹುದು. ಒ ಸ್ವರದ ಗುಣಿತ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಕೂಟವಾಗಿಯೂ ಬರೆಯಬಹುದು. ಶಿವಮೊಗ್ಗ, ಸೊರಬ, ಹೊಸನಗರ ಮೂರಕ್ಕೂ ಈ ಗಂಡಾಂತರ ಇದೆ. ಎರಡೂ ಕಡತಗಳನ್ನು ಎನ್‌ಎಫ್‌ಸಿ ರೂಪಕ್ಕೆ (ಇಂಥ ಕೂಟಗಳನ್ನು ಒಂದೇ ಸಂಕೇತವಾಗಿಸುವ ಯೂನಿಕೋಡ್ ರೂಪ) ತಂದು ಜೋಡಿಸಿ. ಇಂಗ್ಲಿಷ್ ಹೆಸರಿನ ಮೇಲೆ ಜೋಡಿಸುವವರಿಗೆ ಬೇರೆ ತೊಂದರೆ: ಜಿಲ್ಲೆಯ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರ ನವೆಂಬರ್ 1ರಂದು, 2011ರ ಜನಗಣತಿಯ ಕೋಷ್ಟಕಗಳಲ್ಲಿ ಹಳೆಯದೇ ಇದೆ. ಹೆಸರು ಬಿಟ್ಟು ಸಂಕೇತ ಸಂಖ್ಯೆಯ ಮೇಲೆ ಜೋಡಿಸುವುದೇ ಕ್ಷೇಮ.

ನಾನೆಲ್ಲಿದ್ದೇನೆ ಎಂಬ ಗುಂಡಿ

ಲೋಕಲ್‌ಹೋಸ್ಟ್ ಬಿಟ್ಟರೆ ಈ ಗುಂಡಿ ಎಚ್‌ಟಿಟಿಪಿಎಸ್ ಇಲ್ಲದ ಪುಟಗಳಲ್ಲಿ ಕೆಲಸ ಮಾಡುವುದಿಲ್ಲ, ಮೊದಲು ಅದನ್ನು ನೋಡಿ. ಮೇಜಿನ ಕಂಪ್ಯೂಟರಿನಲ್ಲಿ ಒತ್ತಿದಾಗ ಸಾಗರದಲ್ಲಿ ಕೂತವರನ್ನು ಬೆಂಗಳೂರಿನಲ್ಲಿ ತೋರಿಸಿದರೆ ಅದು ನಿಮ್ಮ ಕೋಡಿನ ದೋಷವಲ್ಲ. ಆ ಯಂತ್ರದಲ್ಲಿ ಜಿಪಿಎಸ್ ಇಲ್ಲ, ಇಂಟರ್ನೆಟ್ ವಿಳಾಸ ನೋಡಿ ಊಹಿಸಿದೆ. ಉತ್ತರದ ಜೊತೆಯಲ್ಲಿ ನಿಖರತೆ ಎಷ್ಟು ಮೀಟರ್ ಎಂಬ ಸಂಖ್ಯೆಯೂ ಬರುತ್ತದೆ. ಅದನ್ನು ವೃತ್ತವಾಗಿ ಬಿಡಿಸಿ ತೋರಿಸಿದರೆ ಅರ್ಧ ದೂರುಗಳು ನಿಲ್ಲುತ್ತವೆ.

ಮೊಬೈಲಿನಲ್ಲಿ ಬಿಂದು ಕುಣಿದಾಡಿದರೆ ತಲೆಯೆತ್ತಿ ನೋಡಿ. ದಟ್ಟ ಕಾಡಿನಡಿ, ಘಾಟಿಯ ಬಂಡೆಗೋಡೆಯ ಪಕ್ಕ ಉಪಗ್ರಹದ ಸಂಕೇತ ತಡೆಗೊಳ್ಳುತ್ತದೆ, ಚದುರುತ್ತದೆ, ಸುತ್ತು ಹೊಡೆದು ಬರುತ್ತದೆ. ಮೊಬೈಲ್ ಡೇಟಾ ಇಲ್ಲದ ಕಡೆ ಮೊದಲ ಸಲ ಸ್ಥಾನ ಸಿಗಲು ತಡವಾಗುವುದೂ ಸಹಜ. ಬಯಲಿಗೆ ಬಂದು ಸ್ವಲ್ಪ ಹೊತ್ತು ನಿಂತು, ನಿಖರತೆಯ ಸಂಖ್ಯೆ ಇಳಿದ ಮೇಲೆ ದಾಖಲಿಸಿ.

ನಕ್ಷೆ ಸರಿ, ಮಾಹಿತಿ ಹಳೆಯದು

ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ನಿಮ್ಮ ನಕ್ಷೆ ಇನ್ನೂ ಲಾಂಚಿನ ಚುಕ್ಕೆಗೆರೆಯನ್ನಷ್ಟೇ ತೋರಿಸುತ್ತಿದ್ದರೆ ಮೂರು ಕಡೆ ಹಳೆಯದು ಅಡಗಿರಬಹುದು. ಬ್ರೌಸರಿನ ಸಂಗ್ರಹ ಮೊದಲನೆಯದು. ಖಾಸಗಿ ಕಿಟಕಿಯಲ್ಲಿ ಪುಟ ತೆರೆದರೆ ಗೊತ್ತಾಗುತ್ತದೆ. ಅಲ್ಲಿಯೂ ಹಳೆಯದೇ ಇದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮುಖ್ಯ ಪುಟದಲ್ಲಿ ಅದೇ ಜಾಗ ನೋಡಿ. ಅಲ್ಲಿ ಸೇತುವೆ ಇದ್ದು ನಿಮ್ಮಲ್ಲಿ ಇಲ್ಲದಿದ್ದರೆ ನಿಮ್ಮ ಟೈಲ್ ಸರ್ವರ್ ಹಿಂದುಳಿದಿದೆ. ಸೇತುವೆ ಕಾಣುತ್ತಿದೆ, ಆದರೆ ದಾರಿ ಹುಡುಕಿದರೆ ಲಾಂಚಿನ ಮೇಲೆಯೇ ಕಳಿಸುತ್ತದೆ ಎಂದಾದರೆ ಟೈಲ್‌ಗಳು ಹೊಸವು, ದಾರಿ ಲೆಕ್ಕ ಹಾಕುವ ಸೇವೆಯ ದತ್ತಾಂಶ ಹಳೆಯದು. ಅದನ್ನು ಬೇರೆಯಾಗಿಯೇ ಕಟ್ಟಿರುತ್ತಾರೆ, ಬೇರೆಯಾಗಿಯೇ ನವೀಕರಿಸಬೇಕು.

ಅದೇ ಹಿನ್ನೀರಿನಲ್ಲಿ ತದ್ವಿರುದ್ಧ ಪ್ರಕರಣವೂ ಇದೆ. ಲಿಂಗನಮಕ್ಕಿ ಅಣೆಕಟ್ಟೆ 1964ರದು. ಅದಕ್ಕೂ ಹಿಂದಿನ ಮಡೆನೂರು ಅಣೆಕಟ್ಟೆ ಅದರ ನೀರಿನಲ್ಲಿ ಮುಳುಗಿದೆ, ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣುತ್ತದೆ. ಹಳೆಯ ಊರುಗಳ ಪಟ್ಟಿ ಹಿಡಿದು ನಕ್ಷೆ ಮಾಡಿದರೆ ಹಲವು ಬಿಂದುಗಳು ನೀಲಿಯ ಮೇಲೆ ಬೀಳುತ್ತವೆ. ಬಿಂದು ನೀರಿನಲ್ಲಿದೆ ಎಂದು ತಕ್ಷಣ ದಡಕ್ಕೆ ಎಳೆಯಬೇಡಿ. ನಕ್ಷೆಯ ದಡ ಜಲಾಶಯ ತುಂಬಿದಾಗಿನದು, ಉಪಗ್ರಹ ಚಿತ್ರ ಯಾವ ತಿಂಗಳಿನದೋ. ಎರಡೂ ಹೊಂದದಿರುವುದು ದೋಷವಲ್ಲ. ಪಕ್ಕದ ಗುಡ್ಡದ ತುದಿಯೋ ರಸ್ತೆಯ ತಿರುವೋ ಸರಿಯಾಗಿ ಕೂತಿದೆಯೇ ಎಂದು ನೋಡಿ. ಅದು ಕೂತಿದ್ದರೆ ಮುಳುಗಿದ ಊರಿನ ಬಿಂದುವನ್ನು ಇದ್ದಲ್ಲಿಯೇ ಬಿಟ್ಟು, ಪಾಪ್‌ಅಪ್‌ನಲ್ಲಿ ಮುಳುಗಡೆಯಾದದ್ದು ಎಂದು ಬರೆಯಿರಿ.